ಹಗುರ ಪಿಸ್ತೂಲಿನ ಭಾರ

ಹಾನಗಲ್ಲಿನ ಕಾಡಂಚಿನ ಹಳ್ಳಿಗಳಲ್ಲಿ ಬಂದೂಕು ಅಂದರೆ ಇವತ್ತಿಗೂ ಕಾಡುಹಂದಿಯಿಂದ ಗೋವಿನಜೋಳ ಕಾಯುವ ಉದ್ದ ನಳಿಗೆಯ ಬಂದೂಕೇ. ಬೆಳೆರಕ್ಷಣೆಯ ಆ ಬಂದೂಕನ್ನು ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೋಗಬಹುದು, ಪೇಟೆಗೆ ಹೋಗಲಾಗದು. ಹಿರೇಕೆರೂರಿನ ಹತ್ತಿ ವ್ಯಾಪಾರಿಯೋ ಶಿಗ್ಗಾಂವಿಯ ಬಂಗಾರದಂಗಡಿಯವರೋ ಸವಣೂರಿನ ದಲಾಲರೋ ರೊಕ್ಕ ಇಟ್ಟುಕೊಂಡು ರಾತ್ರಿ ಓಡಾಡುವ ಭಯಕ್ಕೆ ಲೈಸನ್ಸ್ ಕೇಳಿದಾಗ ಅವರ ಮನಸ್ಸಿನಲ್ಲಿರುವ ಯಂತ್ರ ಬೇರೆ. ಅಂಗಿಯೊಳಗೆ ಕಾಣದಂತೆ ಕೂರುವ ಸಣ್ಣ ಕೈಬಂದೂಕು ಅದು. “ಇದ್ದುದರಾಗ ಸಣ್ಣದು, ಹಗುರಾದ್ದು ಯಾವುದೈತ್ರಿ?” ಎಂಬ ಪ್ರಶ್ನೆ ಸಹಜವೇ. ಆದರೆ ಕೈಬಂದೂಕಿನಲ್ಲಿ ಹಗುರಾದದ್ದು ಹೊರಲು ಸುಲಭ, ಹಾರಿಸಲು ಕಷ್ಟ.

ಮೊದಲು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಅಂಥದೇ ಚೀಲದಲ್ಲೋ ಇಟ್ಟು, ಪೂರ್ತಿ ಮುಚ್ಚಿ, ತನ್ನ ಹಿಡಿತದಲ್ಲೇ ಒಯ್ಯಬೇಕು. ಮದುವೆ ಮೆರವಣಿಗೆಯಲ್ಲಿ ಹೊರತೆಗೆದು ತೋರಿಸುವುದೂ ಅಪರಾಧ; ಸಂಭ್ರಮಕ್ಕೆಂದು ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು. ಸೈನ್ಯ ಮತ್ತು ಪೊಲೀಸರು ಬಳಸುವ 9 ಮಿಲಿಮೀಟರ್ ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರಿದ್ದು; ಹಾವೇರಿಯ ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಡುವ ಮಾಮೂಲಿ ಲೈಸನ್ಸಿಗೆ ಅದು ಸಿಗದು. ಹೀಗಾಗಿ ಉಳಿಯುವುದು ಮುಖ್ಯವಾಗಿ .32 ಮತ್ತು .22 ಬೋರು. ಸರ್ಕಾರಿ ಕಾರ್ಖಾನೆಗಳು ಇವೆರಡರಲ್ಲೂ ಸಣ್ಣ ಆಯುಧ ಮಾಡಿವೆ. 2014ರಲ್ಲಿ ಕಾನ್ಪುರದಿಂದ ಬಂದ ‘ನಿರ್ಭೀಕ್’ ಆರು ಗುಂಡಿನ .32 ರಿವಾಲ್ವರ್. ಟೈಟೇನಿಯಂ ಮಿಶ್ರಲೋಹ ಬಳಸಿ ತೂಕವನ್ನು ಸುಮಾರು 500 ಗ್ರಾಂಗೆ ಇಳಿಸಿ, ಮಹಿಳೆಯರ ಕೈಚೀಲಕ್ಕೆ ಹೊಂದುತ್ತದೆ ಎಂದು ಮಾರುಕಟ್ಟೆಗೆ ಬಿಟ್ಟರು. ಆಗಿನ ಬೆಲೆ 1.22 ಲಕ್ಷ ರೂಪಾಯಿ. ಅನಂತರ ಇಛಾಪುರದ ರೈಫಲ್ ಕಾರ್ಖಾನೆಯಿಂದ ‘ನಿಡರ್’ ಬಂತು. ಅದು .22 ಬೋರು, ತೂಕ 250 ಗ್ರಾಂ ಮಾತ್ರ.

ಈ ತೂಕ ಇಳಿಸುವುದರ ಬೆಲೆ ಎಷ್ಟು? .32 ರಿವಾಲ್ವರಿನ ಗುಂಡು ಆರು ಗ್ರಾಂಗಿಂತ ಸ್ವಲ್ಪ ಹೆಚ್ಚು. ಅದು ಸೆಕೆಂಡಿಗೆ 210 ಮೀಟರ್ ಆಸುಪಾಸಿನ ವೇಗದಲ್ಲಿ ಮುಂದಕ್ಕೆ ಹಾರಿತೆಂದರೆ ಅಷ್ಟೇ ಸಂವೇಗ ಆಯುಧವನ್ನು ಹಿಂದಕ್ಕೆ ದೂಡುತ್ತದೆ. 700 ಗ್ರಾಂ ರಿವಾಲ್ವರ್ ಸೆಕೆಂಡಿಗೆ 1.9 ಮೀಟರ್ ವೇಗದಲ್ಲಿ ಅಂಗೈಗೆ ಒದ್ದರೆ, 500 ಗ್ರಾಂನದು 2.7 ಮೀಟರ್ ವೇಗದಲ್ಲಿ ಒದೆಯುತ್ತದೆ. ಗುಂಡು ಅದೇ, ಹೊಡೆತ ಅದೇ. ಕೈ ತಡೆಯಬೇಕಾದ ಶಕ್ತಿ ಮಾತ್ರ ಶೇ 40ರಷ್ಟು ಹೆಚ್ಚು. ಜತೆಗೆ ಹಿಡಿಕೆ ಗಿಡ್ಡವಾದರೆ ಕಿರುಬೆರಳಿಗೆ ಜಾಗವಿರದು. ಕಿರುಬೆರಳು ಕೆಳಗಿನಿಂದ ಒತ್ತದಿದ್ದರೆ ನಳಿಗೆಯ ಮೂತಿ ಮೇಲಕ್ಕೆ ಚಿಮ್ಮುತ್ತದೆ, ಎರಡನೆಯ ಗುಂಡಿಗೆ ಮತ್ತೆ ಗುರಿ ಹುಡುಕಬೇಕು.

ಗುರಿಯ ಲೆಕ್ಕ ಇನ್ನೂ ಕಠಿಣ. ಹಿಂದಿನ ಗುರಿಗಚ್ಚಿಗೂ ಮುಂದಿನ ಗುರಿಗಡ್ಡಿಗೂ ನಡುವೆ 100 ಮಿಲಿಮೀಟರ್ ಇದ್ದು, ಅವೆರಡು ಒಂದೇ ಒಂದು ಮಿಲಿಮೀಟರ್ ಸಾಲು ತಪ್ಪಿದರೂ 10 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಅಂತರ 180 ಮಿಲಿಮೀಟರ್ ಇದ್ದರೆ ಅದೇ ತಪ್ಪಿಗೆ ಐದೂವರೆ ಸೆಂಟಿಮೀಟರ್. ಇದಕ್ಕೆ ಟ್ರಿಗರನ್ನೂ ಸೇರಿಸಿ. ಹ್ಯಾಮರ್ ಎತ್ತುವುದು, ಸಿಲಿಂಡರ್ ತಿರುಗಿಸುವುದು, ಹ್ಯಾಮರ್ ಬಿಡುವುದು ಇವಿಷ್ಟನ್ನೂ ಒಂದೇ ಎಳೆತದಲ್ಲಿ ಮಾಡುವ ರಿವಾಲ್ವರಿನ ಟ್ರಿಗರಿಗೆ ನಾಲ್ಕೈದು ಕಿಲೋ ತೂಕದ ಬಲ ಬೇಕಾಗುವುದು ಸಾಮಾನ್ಯ. ಅರ್ಧ ಕಿಲೋ ಯಂತ್ರವನ್ನು ಅಲುಗಾಡದಂತೆ ಹಿಡಿದು ಅದರ ಎಂಟು ಹತ್ತು ಪಟ್ಟು ಬಲದಿಂದ ಒಂದೇ ಬೆರಳಲ್ಲಿ ಎಳೆಯುವುದನ್ನು ನೆನೆಸಿಕೊಳ್ಳಿ. ಅದೂ ಎದೆ ಹೊಡೆದುಕೊಳ್ಳುತ್ತಿರುವಾಗ. ಕೈಬಂದೂಕು ಹಾರಿಸುವವರ ತಪ್ಪಿನಲ್ಲಿ ದೊಡ್ಡ ಪಾಲು ಇಲ್ಲೇ ಹುಟ್ಟುತ್ತದೆ.

ಪಿಸ್ತೂಲಿನ ಕೆಲಸವೇ ಬೇರೆ. .32 ಪಿಸ್ತೂಲಿನ ಗುಂಡು ಅಮೆರಿಕದ ಯೂಟಾದ ಬಂದೂಕುಗಾರ ಜಾನ್ ಬ್ರೌನಿಂಗ್ 1899ರ ಸುಮಾರಿಗೆ ರೂಪಿಸಿದ್ದು. ಮಿಲಿಮೀಟರಿನಲ್ಲಿ ಅದನ್ನೇ 7.65 ಅನ್ನುತ್ತಾರೆ. ಈ ಜಾತಿಯ ಪಿಸ್ತೂಲಿನ ಹಿಂಬಾಗಿಲಿಗೆ ಚಿಲಕವೇ ಇಲ್ಲ. ಸಿಡಿದ ಅನಿಲವನ್ನು ತಡೆಹಿಡಿಯುವುದು ಮೇಲಿನ ಸ್ಲೈಡಿನ ತೂಕ, ಅದರ ಹಿಂದೆ ಸ್ಪ್ರಿಂಗು. ಹೇಗೆ ಸಾಲುತ್ತದೆ ಅಂದರೆ, ಐದು ಗ್ರಾಂನೊಳಗಿನ ಗುಂಡು 90 ಮಿಲಿಮೀಟರ್ ನಳಿಗೆ ದಾಟುವ ಹೊತ್ತಿಗೆ ಕಾಲು ಕಿಲೋ ಸ್ಲೈಡು ಹಿಂದೆ ಸರಿದಿರುವುದು ಒಂದೆರಡು ಮಿಲಿಮೀಟರ್ ಅಷ್ಟೇ. ಗುಂಡು ಹೊರಬಿದ್ದು ಒತ್ತಡ ಇಳಿದ ಮೇಲೆಯೇ ಬಾಯಿ ಪೂರ್ತಿ ತೆರೆದು ಖಾಲಿ ತೋಟಾ ಹೊರಚಿಮ್ಮುತ್ತದೆ, ವಾಪಸಾಗುವಾಗ ಹೊಸ ತೋಟಾ ಒಳಗೆ ಹೋಗುತ್ತದೆ. ಇಷ್ಟು ಸರಳ, ಇಷ್ಟು ಅಚ್ಚುಕಟ್ಟಾದ ಯಂತ್ರ ಕಡಿಮೆ. ಇದರ ದೌರ್ಬಲ್ಯವೂ ಅಲ್ಲೇ ಇದೆ: ಕಿಸೆಯ ನೂಲು, ಬೆವರು, ದೂಳು ಸೇರಿ ಸ್ಲೈಡಿನ ಓಟ ನಿಧಾನವಾದರೆ ತೋಟಾ ಸಿಕ್ಕಿಕೊಳ್ಳುತ್ತದೆ. ರಿವಾಲ್ವರಿನಲ್ಲಿ ಒಂದು ತೋಟಾ ಹುಸಿಯಾದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರಾಯಿತು. ಪಿಸ್ತೂಲಿನಲ್ಲಿ ಎರಡೂ ಕೈ ಬೇಕು. ಅಭ್ಯಾಸಕ್ಕೆ ಹೊತ್ತು ಕೊಡದವರಿಗೆ ನಾನು ರಿವಾಲ್ವರನ್ನೇ ಹೇಳುತ್ತೇನೆ, ಅದೂ ತುಸು ತೂಕದ್ದನ್ನು.

ಸಣ್ಣ ಬೋರು ಎಂದು .32 ಪಿಸ್ತೂಲನ್ನು ಆಟಿಕೆಯಂತೆ ಕಾಣುವವರಿದ್ದಾರೆ. 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ಮನೆಯೆದುರು ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದು 7.65ರ ಗುಂಡು. ಎರಡೂ ಕಡೆ ಒಂದೇ ನಾಡಪಿಸ್ತೂಲು ಬಳಕೆಯಾಗಿದೆ ಎಂದು ವಿಧಿವಿಜ್ಞಾನ ಪ್ರಯೋಗಾಲಯ ವರದಿ ಕೊಟ್ಟಿತು. ಅದು ಗೊತ್ತಾಗುವುದೂ ಯಂತ್ರದ ಗುಣದಿಂದಲೇ. ಫೈರಿಂಗ್ ಪಿನ್ನು ತೋಟಾದ ತಳದ ಮೆತ್ತನೆಯ ಲೋಹಕ್ಕೆ ಬಡಿದಾಗ ತನ್ನ ತುದಿಯ ಸವೆತ, ಗೀರು, ಓರೆಯನ್ನೆಲ್ಲ ಅಲ್ಲಿ ಅಚ್ಚೊತ್ತುತ್ತದೆ. ಎರಡು ತೋಟಾಗಳನ್ನು ಹೋಲಿಕೆ ಸೂಕ್ಷ್ಮದರ್ಶಕದಡಿ ಪಕ್ಕಪಕ್ಕ ಇಟ್ಟರೆ ಗೀರಿಗೆ ಗೀರು ಕೂಡುತ್ತದೆ. ಎರಡು ವರ್ಷ, ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಎರಡು ಸಾವುಗಳನ್ನು ಜೋಡಿಸಿದ್ದು ಕೂದಲೆಳೆಯಷ್ಟು ಸಣ್ಣ ಅಂಥ ಗುರುತುಗಳು.

ಕೊಂಡ ಮೇಲೆ ಹೋಲ್‌ಸ್ಟರಿಗೆ ದುಡ್ಡು ಹಿಡಿಯಬೇಡಿ. ಟ್ರಿಗರ್ ಪೂರ್ತಿ ಮುಚ್ಚುವಂಥದ್ದೇ ಇರಲಿ. ಬರಿಯ ಕಿಸೆಯಲ್ಲಿ ಕೀಲಿಕೈ ಜತೆ ಪಿಸ್ತೂಲು ತುರುಕುವುದು ತೊಡೆಗೆ ಗುಂಡು ಹೊಡೆದುಕೊಳ್ಳುವ ದಾರಿ. ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕುವ ಪೆಟ್ಟಿಗೆ ಆಯುಧಕ್ಕಿಂತ ಮೊದಲು ಬರಬೇಕು.

ಇನ್ನೊಂದು ಈ ಸೀಮೆಯವರೇ ಬಲ್ಲ ಸಂಗತಿ. ಚುನಾವಣೆ ಘೋಷಣೆಯಾದರೆ ಲೈಸನ್ಸಿನ ಆಯುಧ ಸಾಮಾನ್ಯವಾಗಿ ಠಾಣೆ ಸೇರುತ್ತದೆ. ಹಿರೇಕೆರೂರು 2019ರಲ್ಲಿ, ಹಾನಗಲ್ಲು 2021ರಲ್ಲಿ, ಸವಣೂರು ಸೇರಿದ ಶಿಗ್ಗಾಂವಿ 2024ರಲ್ಲಿ ಉಪಚುನಾವಣೆಯನ್ನೂ ಕಂಡವು. ವಾರಗಟ್ಟಲೆ ಕೋಣೆಯಲ್ಲಿ ಬಿದ್ದ ಉಕ್ಕಿಗೆ, ಮಳೆಗಾಲವಾದರಂತೂ, ತುಕ್ಕು ಹಿಡಿಯಲು ಹೊತ್ತು ಬೇಡ. ಒಪ್ಪಿಸುವ ಮುನ್ನ ತೋಟಾ ಪೂರ್ತಿ ತೆಗೆದು, ನಳಿಗೆಗೆ ತೆಳ್ಳಗೆ ಎಣ್ಣೆ ಸವರಿ. ವಾಪಸು ತಂದ ದಿನ ಆ ಎಣ್ಣೆಯನ್ನು ಒಣಬಟ್ಟೆಯಿಂದ ಒರೆಸಿ, ಸಿಲಿಂಡರ್ ಅಥವಾ ಸ್ಲೈಡು ಸಲೀಸಾಗಿ ಓಡುತ್ತದೆಯೇ ಎಂದು ಲೈಸನ್ಸುಳ್ಳ ಬಂದೂಕು ರಿಪೇರಿಯವರಲ್ಲಿ ತೋರಿಸಿ.