ಮೂರ್ಛೆರೋಗದ ಹೊಸ ಮಾತ್ರೆ ನಮ್ಮ ದೇಶಕ್ಕೆ ಬಂದಿದೆಯೇ? ತಿಳಿಯುವುದು ಹೇಗೆ?

“ಪರದೇಶದಲ್ಲಿ ಫಿಟ್ಸ್‌ಗೆ ಹೊಸ ಮಾತ್ರೆ ಬಂದಿದೆಯಂತೆ, ನಮ್ಮಲ್ಲಿ ಯಾವಾಗ ಸಿಗುತ್ತದೆ?” ಎಂದು ರೋಗಿಗಳೂ ಮನೆಯವರೂ ಮೇಲಿಂದ ಮೇಲೆ ಕೇಳುತ್ತಾರೆ. ಕೇಳುವುದು ಒಳ್ಳೆಯದೇ. ಆದರೆ ಹೊಸ ಮಾತ್ರೆಗಾಗಿ ಕಾಯುತ್ತ ಈಗಿನ ಮಾತ್ರೆ ಬಿಡುವುದು ಅಪಾಯ. ಆದ್ದರಿಂದ ಈ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳೋಣ.

ಔಷಧಿ “ಬಂದಿದೆ” ಎಂಬ ಮಾತಿಗೆ ಮೂರು ಅರ್ಥಗಳಿವೆ:

1. ಬೇರೆ ದೇಶದಲ್ಲಿ ಅನುಮತಿ ಸಿಕ್ಕಿದೆ.
2. ಭಾರತದಲ್ಲಿ ಅನುಮತಿ ಸಿಕ್ಕಿದೆ.
3. ಔಷಧಿ ಅಂಗಡಿಗೆ ಮಾಲು ಬಂದಿದೆ.

ಈ ಮೂರೂ ಒಂದೇ ದಿನ ಆಗುವುದಿಲ್ಲ. ಉದಾಹರಣೆಗೆ ಬ್ರಿವರಾಸೆಟಮ್ ಎಂಬ ಮಾತ್ರೆಯನ್ನು ನೋಡಿ. ಇದಕ್ಕೆ ಯುರೋಪಿನಲ್ಲಿ 2016ರ ಜನವರಿಯಲ್ಲಿ, ಅಮೆರಿಕದಲ್ಲಿ ಅದೇ ವರ್ಷದ ಫೆಬ್ರವರಿಯಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿ ಇದರ ಪೇಟೆಂಟ್ 2021ರ ಫೆಬ್ರವರಿಯಲ್ಲಿ ಮುಗಿಯಿತು. ಆಗ ನಮ್ಮ ದೇಶದ ಹಲವು ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದವು.

ಸರಿಯಾದ ಮಾಹಿತಿ ಪಡೆಯಲು ಹೀಗೆ ಮಾಡಿ:

• ಕಂಪನಿ ಇಟ್ಟ ಹೆಸರನ್ನಲ್ಲ, ಔಷಧಿಯ ಮೂಲ ಹೆಸರನ್ನು ಬರೆದುಕೊಳ್ಳಿ. ಒಂದೇ ಔಷಧಿ ಬೇರೆ ದೇಶದಲ್ಲಿ ಬೇರೆ ಹೆಸರಿನಲ್ಲಿ ಇರಬಹುದು.

• ಹೊಸ ಔಷಧಿಗೆ ಭಾರತದಲ್ಲಿ ಅನುಮತಿ ಕೊಡುವುದು ದೆಹಲಿಯ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ. ಅನುಮತಿ ಪಡೆದ ಹೊಸ ಔಷಧಿಗಳ ಪಟ್ಟಿಯನ್ನು ಅದು ದಿನಾಂಕ ಸಹಿತ ಪ್ರಕಟಿಸುತ್ತದೆ. ಓದಿದ ಮಕ್ಕಳಿದ್ದರೆ ಇಂಟರ್‌ನೆಟ್‌ನಲ್ಲಿ ನೋಡಿ ಹೇಳಬಲ್ಲರು.

• ಮಾತ್ರೆಯ ಪಟ್ಟಿಯ ಮೇಲಿನ ದಿನಾಂಕ ಆ ಮಾಲು ತಯಾರಾದ ದಿನಾಂಕ ಮಾತ್ರ. ಔಷಧಿ ದೇಶಕ್ಕೆ ಬಂದ ದಿನಾಂಕ ಅದಲ್ಲ.

• ಅನುಮತಿ ಇದ್ದೂ ಊರಿನ ಅಂಗಡಿಯಲ್ಲಿ ಸಿಗದಿದ್ದರೆ, ತರಿಸಿಕೊಡಲು ಸಾಧ್ಯವೇ ಎಂದು ಅಂಗಡಿಯವರನ್ನು ಕೇಳಿ.

• ಭಾರತದಲ್ಲಿ ಇನ್ನೂ ಬಾರದ ಔಷಧಿ ಬೇಕೇಬೇಕಾದರೆ, ವೈದ್ಯರ ಚೀಟಿಯೊಂದಿಗೆ ಮೇಲಿನ ಸಂಸ್ಥೆಗೆ ಅರ್ಜಿ ಹಾಕಿ, ಅನುಮತಿ ಪಡೆದು ಸ್ವಂತ ಬಳಕೆಗೆ ತರಿಸಬಹುದು. ಪರದೇಶದಿಂದ ನೆಂಟರು ತಂದ ಮಾತ್ರೆಯನ್ನು ವೈದ್ಯರಿಗೆ ತೋರಿಸದೆ ನುಂಗಬೇಡಿ.

ಹೊಸದೆಲ್ಲ ಹೆಚ್ಚು ಗುಣಕಾರಿ ಎಂದು ತಿಳಿಯಬೇಡಿ. ಫೀನೋಬಾರ್ಬಿಟೋನ್ 1912ರಿಂದಲೂ, ಫೆನಿಟಾಯಿನ್ 1938ರಿಂದಲೂ ಫಿಟ್ಸ್‌ಗೆ ಬಳಕೆಯಲ್ಲಿವೆ. ಲೆವೆಟಿರಾಸೆಟಮ್ ಜೊತೆಗೆ ಇವೆರಡೂ ಭಾರತ ಸರ್ಕಾರದ 2022ರ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಬ್ರಿವರಾಸೆಟಮ್ ಕೂಡ ಲೆವೆಟಿರಾಸೆಟಮ್ ಗುಂಪಿಗೇ ಸೇರಿದ್ದು. ಎರಡನ್ನೂ ಒಟ್ಟಿಗೆ ನುಂಗುವುದರಿಂದ ಹೆಚ್ಚಿನ ಲಾಭವಿಲ್ಲ. ಯಾರಿಗೆ ಯಾವುದು ಎಂಬುದನ್ನು ಫಿಟ್ಸ್‌ನ ಬಗೆ, ವಯಸ್ಸು, ಗರ್ಭಿಣಿಯೇ ಎಂಬುದು, ಬೇರೆ ಕಾಯಿಲೆಗಳು ಇವುಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಮುಖ್ಯವಾಗಿ ನೆನಪಿಡಿ: ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬಂದು ಜೀವಕ್ಕೇ ಅಪಾಯವಾಗಬಹುದು. ಬದಲಾಯಿಸುವುದಿದ್ದರೆ ವೈದ್ಯರು ಹೇಳಿದಂತೆ ಹಂತ ಹಂತವಾಗಿ ಬದಲಾಯಿಸಬೇಕು. ಮುಂದಿನ ಸಲ ಬರುವಾಗ ಕೇಳಿದ ಹೊಸ ಔಷಧಿಯ ಹೆಸರು, ಈಗಿನ ಮಾತ್ರೆಗಳ ಪಟ್ಟಿ, ಫಿಟ್ಸ್ ಬಂದ ದಿನಗಳನ್ನು ಬರೆದ ಚೀಟಿ, ಈ ಮೂರನ್ನೂ ತಪ್ಪದೆ ತನ್ನಿ.