ಕಡತವು ಉಳಿಯದಿರಲು ಕಾರಣವೇನು?

ಮಾಯಕೊಂಡದ ಒಂದು ಕಚೇರಿಯಲ್ಲಿ ನಾಲ್ಕು ಕಂಪ್ಯೂಟರುಗಳಿವೆಯೆಂದು ಭಾವಿಸೋಣ. ಅಲ್ಲಿಯ ಬರಹಗಳೆಲ್ಲವೂ ಒಳಕೋಣೆಯಲ್ಲಿರುವ ಸರ್ವರ್ ಎಂಬ ಒಂದೇ ಯಂತ್ರದಲ್ಲಿ ಶೇಖರವಾಗುತ್ತವೆ. ಗುಮಾಸ್ತರು ಬೆಳೆಹಾನಿಯ ಅರ್ಜಿದಾರರ ಪಟ್ಟಿಯನ್ನು ವರ್ಡ್‌ನಲ್ಲಿ ತಿದ್ದಿ ‘ಸೇವ್’ ಗುಂಡಿಯನ್ನು ಒತ್ತಿದರೆ, ಅನುಮತಿಯಿಲ್ಲವೆಂಬ ಉತ್ತರ ಬರುತ್ತದೆ. ಆದರೆ ಅದೇ ಫೋಲ್ಡರಿನಲ್ಲಿ ನೋಟ್‌ಪ್ಯಾಡಿನ ಬರಹವು ನಿರಾತಂಕವಾಗಿ ಉಳಿಯುತ್ತದೆ. ಇದಕ್ಕೆ ಕಾರಣವೇನು?

ನೋಟ್‌ಪ್ಯಾಡ್ ಹಳೆಯ ಕಡತದ ಮೇಲೆಯೇ ಹೊಸದನ್ನು ಬರೆಯುತ್ತದೆ. ವರ್ಡ್‌ನ ಕ್ರಮ ಬೇರೆ. ಅದು ಮೊದಲು ಪಕ್ಕದಲ್ಲಿ ಒಂದು ತಾತ್ಕಾಲಿಕ ಕಡತವನ್ನು ಸೃಷ್ಟಿಸಿ, ಬರಹವೆಲ್ಲವನ್ನೂ ಅದರಲ್ಲಿ ತುಂಬುತ್ತದೆ. ಅನಂತರ ಹಳೆಯದನ್ನು ತೆಗೆದು, ಹೊಸದಕ್ಕೆ ಹಳೆಯದರ ಹೆಸರನ್ನು ಕೊಡುತ್ತದೆ. ನಡುವೆ ವಿದ್ಯುತ್ತು ಹೋದರೂ ಹಳೆಯ ಪ್ರತಿ ಉಳಿಯಲೆಂಬುದೇ ಇದರ ಉದ್ದೇಶ. ಆದುದರಿಂದ ವರ್ಡ್‌ಗೆ ಬರೆಯುವ ಅಧಿಕಾರವೊಂದೇ ಸಾಲದು, ಅಳಿಸುವ ಅಧಿಕಾರವೂ ಬೇಕು. ಯಾರೂ ಕಡತಗಳನ್ನು ಅಳಿಸದಿರಲೆಂದು ಸರ್ವರಿನ ಮೇಲ್ವಿಚಾರಕರು ಆ ಅಧಿಕಾರವನ್ನು ತಡೆದರೆ, ಉಳಿಸುವ ಕಾರ್ಯವೇ ನಿಂತುಹೋಗುತ್ತದೆ.

ಎರಡನೆಯ ಕಾರಣ ಬೀಗದ್ದು. ಕಡತವನ್ನು ತೆರೆದೊಡನೆ ವರ್ಡ್ ಅದರ ಪಕ್ಕದಲ್ಲಿ, ತೆರೆದವರ ಹೆಸರನ್ನುಳ್ಳ ಒಂದು ಪುಟ್ಟ ಗುಪ್ತ ಕಡತವನ್ನು ಇಡುತ್ತದೆ. ಮುಚ್ಚುವಾಗ ಅದು ತಾನೇ ಅಳಿಯಬೇಕು. ತಂತಿಯ ಸಂಪರ್ಕ ನಡುವೆ ಕಡಿದರೆ ಅದು ಹಾಗೆಯೇ ಉಳಿದು, ಮನೆಗೆ ಹೋದವರೂ ಇನ್ನೂ ಕೆಲಸದಲ್ಲಿರುವಂತೆ ತೋರುತ್ತದೆ. ಯಾರೂ ಕಡತವನ್ನು ತೆರೆದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅದನ್ನು ಅಳಿಸಬಹುದು.

ಮೂರನೆಯ ಕಾರಣ ನಮ್ಮ ಲಿಪಿಗೇ ಸಂಬಂಧಿಸಿದುದು. 1991ರಲ್ಲಿ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ಉಂಟು. ‘ಮಾಯಕೊಂಡ’ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರಕ್ಕೆ ಮ, ಆಕಾರದ ಚಿಹ್ನೆ, ಯ, ಕ, ಒಕಾರದ ಚಿಹ್ನೆ, ಸೊನ್ನೆ, ಡ ಎಂಬ 7 ಸಂಕೇತಗಳು. ಲಿನಕ್ಸ್ ಸರ್ವರುಗಳಲ್ಲಿ ಒಂದೊಂದು ಕನ್ನಡ ಸಂಕೇತವೂ ಸಾಮಾನ್ಯವಾಗಿ 3 ಬೈಟುಗಳನ್ನು ಆಕ್ರಮಿಸುತ್ತದೆ. ಅಲ್ಲಿ ಕಡತದ ಹೆಸರಿಗೆ 255 ಬೈಟುಗಳೇ ಮಿತಿಯಾದುದರಿಂದ, 85 ಕನ್ನಡ ಸಂಕೇತಗಳಿಗೆ ಸ್ಥಳ ಮುಗಿಯುತ್ತದೆ. ಅರ್ಜಿಯ ಶೀರ್ಷಿಕೆಯನ್ನೆಲ್ಲ ಹೆಸರಾಗಿಟ್ಟರೆ ಸರ್ವರ್ ಒಪ್ಪದಿರುವುದು ಸಹಜವೇ.

ಇನ್ನೂ ಒಂದು ಸೂಕ್ಷ್ಮವಿದೆ. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು; ಎಕಾರ ಮತ್ತು ಊಕಾರದ ಚಿಹ್ನೆಗಳೆಂದು ಒಡೆದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯೂನಿಕೋಡ್ ನಿಯಮವೂ ಅವನ್ನು ಸಮಾನವೆಂದೇ ಎಣಿಸುತ್ತದೆ. ಸರ್ವರ್ ಮಾತ್ರ ಸಾಮಾನ್ಯವಾಗಿ ಸಂಕೇತಗಳನ್ನಷ್ಟೇ ಹೋಲಿಸುವುದರಿಂದ, 7 ಸಂಕೇತಗಳ ಮಾಯಕೊಂಡವೂ 8 ಸಂಕೇತಗಳ ಮಾಯಕೊಂಡವೂ ಅದಕ್ಕೆ ಬೇರೆಬೇರೆ ಊರುಗಳು! 1998ರಲ್ಲಿ ಮ್ಯಾಕ್ ಕಂಪ್ಯೂಟರುಗಳಿಗೆ ಬಂದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು ಹೆಸರುಗಳನ್ನು ಹೀಗೆ ಒಡೆದೇ ಇಡುತ್ತಿತ್ತು. ದಾವಣಗೆರೆ, ಹರಿಹರಗಳಿಗೆ ಈ ಇಬ್ಬಗೆಯಿಲ್ಲ. ಮಾಯಕೊಂಡಕ್ಕೂ ಹೊನ್ನಾಳಿಗೂ ಉಂಟು. ಒಂದೇ ಹೆಸರಿನ ಎರಡು ಪಟ್ಟಿಗಳಿದ್ದು, ಒಂದರಲ್ಲಿ ಸೇರಿಸಿದ ರೈತನ ಹೆಸರು ಇನ್ನೊಂದರಲ್ಲಿ ಇಲ್ಲದಿದ್ದರೆ ಆಗುವ ಅನ್ಯಾಯವನ್ನು ವಾಚಕರು ಊಹಿಸಬಹುದು.

ದೋಷವನ್ನು ಹುಡುಕುವಾಗ ಪ್ರಯೋಗಶಾಲೆಯ ನಿಯಮವನ್ನೇ ಅನುಸರಿಸೋಣ: ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಬೇಕು. ವರ್ಡನ್ನು ಮುಚ್ಚದೆ, ಮೊದಲು ಬರಹವನ್ನು ನಮ್ಮ ಕಂಪ್ಯೂಟರಿನಲ್ಲಿಯೇ ರೋಮನ್ ಲಿಪಿಯ ಚಿಕ್ಕ ಹೆಸರಿನಿಂದ ಉಳಿಸೋಣ. ಉಳಿದರೆ ಬರಹದಲ್ಲಿ ದೋಷವಿಲ್ಲ. ಅದರ ಪ್ರತಿಯನ್ನು ಸರ್ವರಿಗೆ ಕಳುಹಿಸೋಣ. ಹೋಗದಿದ್ದರೆ ಸಂಪರ್ಕವನ್ನೂ, ಬರೆಯುವ ಅಧಿಕಾರವನ್ನೂ, ಸರ್ವರಿನಲ್ಲಿ ಉಳಿದಿರುವ ಸ್ಥಳವನ್ನೂ ಪರೀಕ್ಷಿಸಬೇಕು. ಹೋದರೆ, ಸರ್ವರಿನಲ್ಲಿರುವ ಆ ಪ್ರತಿಗೆ ಕನ್ನಡದ ಹೆಸರನ್ನು ಕೊಟ್ಟು ನೋಡೋಣ. ಕೊನೆಗೆ ಆ ಪ್ರತಿಯನ್ನೇ ಅಳಿಸೋಣ. ಅಳಿಯದಿದ್ದರೆ ಅಳಿಸುವ ಅಧಿಕಾರವಿಲ್ಲವೆಂದು ತಿಳಿಯಬಹುದು. ಇಷ್ಟೆಲ್ಲ ನಡೆಯುವಾಗಲೂ ಮೊದಲು ಉಳಿಸಿದ ಪ್ರತಿ ನಮ್ಮಲ್ಲಿ ಭದ್ರವಾಗಿರುತ್ತದೆ.