ತೋಮನನ್ನು ಯಾರೂ ಹೊರಗೆ ಕಳಿಸಲಿಲ್ಲ

ನಾರ್ನಿಯಾ ಸಿನಿಮಾ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಬಟ್ಟೆ ಇಡುವ ಬೀರುವಿನೊಳಗೆ ನುಗ್ಗಿದರೆ ಆಚೆ ಹಿಮ ಸುರಿಯುವ ಕಾಡು, ಅಲ್ಲೊಂದು ಮಾತಾಡುವ ಸಿಂಹ. ಆ ಕಥೆಗಳನ್ನು ಬರೆದವರು ಸಿ.ಎಸ್. ಲೂಯಿಸ್. ಇದೇ ಲೂಯಿಸ್ 1961ರಲ್ಲಿ ತಮ್ಮ ಹೆಸರು ಮುಚ್ಚಿಟ್ಟು ಇನ್ನೊಂದು ಪುಸ್ತಕ ತಂದರು ಎನ್ನುವುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ‘ಎ ಗ್ರೀಫ್ ಅಬ್ಸರ್ವ್ಡ್’ ಎಂಬ ಆ ಪುಸ್ತಕದ ಮೇಲೆ ಲೇಖಕರ ಹೆಸರು ಎನ್.ಡಬ್ಲ್ಯು. ಕ್ಲರ್ಕ್ ಎಂದಿತ್ತು. ಎನ್.ಡಬ್ಲ್ಯು. ಅಂದರೆ ಹಳೆಯ ಇಂಗ್ಲಿಷಿನಲ್ಲಿ ‘ಯಾರೋ ಗೊತ್ತಿಲ್ಲ’ ಎಂಬ ಅರ್ಥ ಬರುವ ಎರಡು ಪದಗಳ ಮೊದಲಕ್ಷರಗಳು. ಹೆಂಡತಿಯನ್ನು ಕಳೆದುಕೊಂಡ ವಿಶ್ವಾಸಿಯೊಬ್ಬ ದೇವರ ಮೇಲೆ ಸಿಟ್ಟಾಗಿ, ಸಂಶಯಪಟ್ಟು, ಅತ್ತು ಗೀಚಿದ ಟಿಪ್ಪಣಿಗಳು ಅವು.

ಹೆಸರು ಮುಚ್ಚಿಡಲು ಕಾರಣವಿತ್ತು. ಆ ಹೊತ್ತಿಗೆ ಕ್ರೈಸ್ತ ನಂಬಿಕೆಯ ಪರವಾಗಿ ವಾದ ಮಾಡುವವರು ಅಂದರೆ ಲೂಯಿಸ್ ಎಂಬಷ್ಟು ಅವರು ಪ್ರಸಿದ್ಧರಾಗಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿಬಿಸಿ ರೇಡಿಯೊದಲ್ಲಿ ಕ್ರೈಸ್ತ ಧರ್ಮದ ಬಗ್ಗೆ ಮಾತಾಡಿದ್ದರು. ಅದಕ್ಕೂ ಮೊದಲು, 1940ರಲ್ಲಿ, ‘ದಿ ಪ್ರಾಬ್ಲಮ್ ಆಫ್ ಪೇಯ್ನ್’ ಎಂಬ ಪುಸ್ತಕ ಬರೆದಿದ್ದರು. ದೇವರು ಒಳ್ಳೆಯವನಾಗಿದ್ದರೆ, ಸರ್ವಶಕ್ತನೂ ಆಗಿದ್ದರೆ ಲೋಕದಲ್ಲಿ ಇಷ್ಟು ನೋವು ಏಕೆ? ಈ ಪ್ರಶ್ನೆಗೆ ಲೂಯಿಸ್ ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ಉತ್ತರ ಕಟ್ಟುತ್ತಾರೆ.

ಅವರು ಹುಟ್ಟಿನಿಂದ ಕುರುಡು ನಂಬಿಕೆಯವರೇನಲ್ಲ. 1908ರಲ್ಲಿ, ಒಂಬತ್ತು ವರ್ಷದ ಹುಡುಗನಿದ್ದಾಗ, ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಹುಡುಗ ಪ್ರಾರ್ಥನೆ ಮಾಡಿದ್ದ, ಫಲಿಸಲಿಲ್ಲ. ಹದಿಹರೆಯದಲ್ಲಿ ನಾಸ್ತಿಕನಾದ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡ. ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುವಾಗ, ಓದಿ, ಗೆಳೆಯರ ಜೊತೆ ವಾದಿಸಿ, ಮೂವತ್ತು ದಾಟಿದ ಮೇಲೆ ಕ್ರೈಸ್ತ ನಂಬಿಕೆಗೆ ಮರಳಿದ. ಆ ಗೆಳೆಯರಲ್ಲಿ ಒಬ್ಬರು ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್. 1931ರ ಸೆಪ್ಟೆಂಬರಿನಲ್ಲಿ ಅಣ್ಣನ ಬೈಕಿನ ಸೈಡ್‌ಕಾರಿನಲ್ಲಿ ಕೂತು ಪ್ರಾಣಿಸಂಗ್ರಹಾಲಯಕ್ಕೆ ಹೊರಟಾಗ ನಂಬಿಕೆ ಇರಲಿಲ್ಲ, ತಲುಪಿದಾಗ ಇತ್ತು ಎಂದು ಅವರೇ ಬರೆದಿದ್ದಾರೆ. ನನಗೆ ಈ ಸಂಗತಿ ತುಂಬಾ ಇಷ್ಟ. ಬೆಳಕು ಇಳಿದದ್ದಿಲ್ಲ, ಗುಡುಗಿಲ್ಲ, ಬರೀ ಒಂದು ಝೂ ಟ್ರಿಪ್.

ಪೂರ್ತಿ ತರ್ಕದ ದಾರಿಯಲ್ಲಿ ಬಂದ ಈ ಮನುಷ್ಯನ ಬಾಳಿಗೆ ಜಾಯ್ ಡೇವಿಡ್‌ಮನ್ ಬಂದದ್ದು ಐವತ್ತರ ಆಸುಪಾಸಿನಲ್ಲಿ. ಆಕೆ ನ್ಯೂಯಾರ್ಕಿನ ಯಹೂದಿ ಕುಟುಂಬದ ಕವಯಿತ್ರಿ. ಒಂದು ಕಾಲಕ್ಕೆ ಕಮ್ಯುನಿಸ್ಟ್, ಆಮೇಲೆ ಕ್ರೈಸ್ತೆ, ಇಬ್ಬರು ಗಂಡುಮಕ್ಕಳ ತಾಯಿ. 1956ರಲ್ಲಿ ರಿಜಿಸ್ಟರ್ ಮದುವೆಯಾಯಿತು. ಅದೇ ವರ್ಷ ಆಕೆಯ ತೊಡೆಯ ಮೂಳೆ ಮುರಿದು, ಒಳಗೆ ಕ್ಯಾನ್ಸರ್ ಇರುವುದು ಗೊತ್ತಾಯಿತು. 1957ರ ಮಾರ್ಚಿನಲ್ಲಿ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಪಾದ್ರಿಯೊಬ್ಬರು ಚರ್ಚಿನ ಕ್ರಮದಲ್ಲಿ ಮದುವೆ ನೆರವೇರಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆಮೇಲೆ ಆಕೆ ಎದ್ದು ಓಡಾಡಿದರು! 1960ರ ಏಪ್ರಿಲ್‌ನಲ್ಲಿ ಇಬ್ಬರೂ ಗ್ರೀಸ್ ದೇಶ ಸುತ್ತಿ ಬಂದರು. ಅಷ್ಟರಲ್ಲಿ ರೋಗ ಮರುಕಳಿಸಿತ್ತು. ಜುಲೈನಲ್ಲಿ ಆಕೆ ತೀರಿಕೊಂಡರು.

ಇಲ್ಲಿ ನಮ್ಮ ಮನೆಯ ಮಾತು ಸ್ವಲ್ಪ ಹೇಳಬೇಕು. ನಮ್ಮದು ಧಾರವಾಡ ಕಡೆಯ ಪ್ರಾಟೆಸ್ಟೆಂಟ್ ಕುಟುಂಬ. ನಾನು ಮೊದಲ ಸೆಮಿಸ್ಟರ್‌ನಲ್ಲಿದ್ದಾಗ ಕಾಕಾಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಸಭೆಯವರೆಲ್ಲ ಉಪವಾಸ ಮಾಡಿದರು, ವಾರವಾರ ಮನೆಗೆ ಬಂದು ಪ್ರಾರ್ಥಿಸಿದರು. ನಡುವೆ ಎರಡು ತಿಂಗಳು ಅವರು ಚೆನ್ನಾಗಿಯೂ ಇದ್ದರು, ಸಾಕ್ಷಿ ಹೇಳುವುದಕ್ಕೆ ದಿನವೂ ಗೊತ್ತಾಗಿತ್ತು. ಆ ದಿನ ಬರುವ ಮೊದಲೇ ಹೋಗಿಬಿಟ್ಟರು. ಬಂದವರೆಲ್ಲ ‘ದೇವರ ಚಿತ್ತ’ ಎಂದರು. ಒಬ್ಬರಂತೂ ಮನೆಯವರ ನಂಬಿಕೆ ಕಡಿಮೆ ಬಿತ್ತೇನೋ ಎಂದೂ ಅಂದರು. ಕಾಕು ಏನೂ ಉತ್ತರ ಕೊಡಲಿಲ್ಲ. ಅವತ್ತಿನಿಂದ ಅವರು ಆರಾಧನೆಗೆ ಹೋಗುವುದನ್ನು ಬಿಟ್ಟರು. ‘ಆಕಿ ಬಿದ್ದುಹೋದ್ಲು’ ಎಂಬ ಪಿಸುಮಾತು ನಮ್ಮ ಕಿವಿಗೂ ಬಿತ್ತು. ನಂಬಿಕೆಯಿಂದ ಬಿದ್ದುಹೋದಳು ಅಂತ.

ನಾನು ಲೂಯಿಸರ ಎರಡೂ ಪುಸ್ತಕಗಳನ್ನು ಒಂದರ ಹಿಂದೆ ಒಂದು ಓದಿದ್ದು ಈ ದಿನಗಳಲ್ಲಿ. 1940ರ ಪುಸ್ತಕ ಬುದ್ಧಿಗೆ ಒಳ್ಳೆಯ ಕಸರತ್ತು. ಆದರೆ ಅದನ್ನು ಕಾಕು ಎದುರು ಓದುವ ಧೈರ್ಯ ಮಾತ್ರ ಬರಲಿಲ್ಲ. ಹಾಸ್ಟೆಲ್ ಚರ್ಚೆಯಲ್ಲಿ ಗೆಲ್ಲಿಸುವ ಮಾತು ಸೂತಕದ ಮನೆಯಲ್ಲಿ ಕಲ್ಲಿನ ಹಾಗೆ ಬೀಳುತ್ತದೆ. ಇಪ್ಪತ್ತು ವರ್ಷದ ನಂತರದ ಪುಸ್ತಕದಲ್ಲಿ ಸ್ವತಃ ಲೂಯಿಸರೇ ಈ ಕಷ್ಟದಲ್ಲಿ ಸಿಕ್ಕಿಬಿದ್ದಿದ್ದಾರೆ. ಸುಖದಲ್ಲಿದ್ದಾಗ ಹತ್ತಿರವೇ ಇದ್ದಂತಿದ್ದ ದೇವರು ಸಂಕಟದಲ್ಲಿ ಕರೆದರೆ ಓಗೊಡುವುದಿಲ್ಲ, ಒಳಗಿನಿಂದ ಅಗಳಿ ಹಾಕಿಕೊಂಡಂತೆ ಭಾಸವಾಗುತ್ತದೆ ಎಂದು ದೂರುತ್ತಾರೆ. ನಡುವೆ ರೋಗ ಇಳಿದಂತೆ ತೋರಿಸಿ ಆಸೆ ಹುಟ್ಟಿಸಿದ್ದೇಕೆ ಎಂದು ಜಗಳ ತೆಗೆಯುತ್ತಾರೆ. ದೇವರೇ ಇಲ್ಲ ಎಂಬ ತೀರ್ಮಾನಕ್ಕೆ ಬರುತ್ತೇನೆಂಬ ಭಯ ಅವರಿಗಿಲ್ಲ. ದೇವರು ಇದ್ದಾನೆ, ಆದರೆ ಇಂಥವನೇ ಇರಬಹುದಲ್ಲ ಎಂಬುದು ಅವರ ಭಯ. ಈ ವ್ಯತ್ಯಾಸ ಓದುವ ತನಕ ನನಗೆ ಹೊಳೆದಿರಲಿಲ್ಲ.

ಹಗ್ಗದ ಉದಾಹರಣೆಯೊಂದೂ ಅದರಲ್ಲಿದೆ. ಪೆಟ್ಟಿಗೆ ಕಟ್ಟುವಾಗ ಹಗ್ಗ ಗಟ್ಟಿ ಎಂದು ಸುಲಭವಾಗಿ ನಂಬುತ್ತೇವೆ, ಪ್ರಪಾತದ ಮೇಲೆ ಅದನ್ನೇ ಹಿಡಿದು ನೇತಾಡಬೇಕಾದಾಗ ಆ ನಂಬಿಕೆ ಎಷ್ಟೆಂದು ತಿಳಿಯುತ್ತದೆ ಎಂಬ ಅರ್ಥದ ಮಾತು. ಮೆಕ್ಯಾನಿಕಲ್, ಸಿವಿಲ್ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲ್ಯಾಬಿನಲ್ಲಿ ಕಬ್ಬಿಣದ ಸರಳನ್ನು ಯಂತ್ರಕ್ಕೆ ಸಿಕ್ಕಿಸಿ ಎಳೆಯುವ ತನಕ ಅದರ ಬಲ ನಮಗೆ ಬರೀ ಪುಸ್ತಕದ ಟೇಬಲ್.

ಆ ಲ್ಯಾಬ್ ರೆಕಾರ್ಡಿನಲ್ಲಿ ನಾವು ಮೆಗಾಪಾಸ್ಕಲ್ ಎಂದು ಬರೆಯುತ್ತೇವಲ್ಲ, ಆ ಬ್ಲೇಸ್ ಪಾಸ್ಕಲ್ ಕೂಡ ಇದೇ ದಾರಿಯವನು. ತೆರಿಗೆ ಲೆಕ್ಕದಲ್ಲಿ ಮುಳುಗಿದ್ದ ತಂದೆಗೆ ನೆರವಾಗಲೆಂದು ಹತ್ತೊಂಬತ್ತರ ಆಸುಪಾಸಿನಲ್ಲೇ ಲೆಕ್ಕ ಮಾಡುವ ಯಂತ್ರ ಕಟ್ಟಲು ಹೊರಟವನು. 1654ರ ನವೆಂಬರ್ 23ರ ರಾತ್ರಿ ಆದ ದೇವರ ಅನುಭವವನ್ನು ಕಾಗದದ ಮೇಲೆ ಬರೆದು ಕೋಟಿನ ಒಳಗೆ ಹೊಲಿದುಕೊಂಡಿದ್ದ. 1662ರಲ್ಲಿ ಸತ್ತ ಮೇಲೆಯೇ ಅದು ಸಿಕ್ಕಿದ್ದು. ಅವನ ಬಿಡಿ ಟಿಪ್ಪಣಿಗಳು ‘ಪಾನ್ಸೆ’ ಎಂಬ ಹೆಸರಿನಲ್ಲಿ 1670ರಲ್ಲಿ ಅಚ್ಚಾದವು. ಅದರಲ್ಲಿ ಸಂಶಯಪಡುವವರನ್ನೆಲ್ಲ ಅವನು ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಸಂಶಯದಲ್ಲಿ ನರಳುತ್ತ ಹುಡುಕುವವರ ಮೇಲೆ ಅವನಿಗೆ ಕರುಣೆ. ಕೇಳುವ ಗೋಜಿಗೇ ಹೋಗದವರ ಮೇಲೆ ಸಿಟ್ಟು.

ಇನ್ನು ತೋಮ. ಸಂಡೇ ಸ್ಕೂಲಿನಲ್ಲಿ ಅವನನ್ನು ‘ಹೀಗಿರಬಾರದು’ ಎಂಬುದಕ್ಕೆ ಉದಾಹರಣೆಯಾಗಿ ಹೇಳುತ್ತಿದ್ದರು. ಯೋಹಾನನ ಸುವಾರ್ತೆಯ ಇಪ್ಪತ್ತನೇ ಅಧ್ಯಾಯವನ್ನು ಈಗ ನಿಧಾನವಾಗಿ ಓದಿದರೆ ಬೇರೆಯೇ ಕಾಣುತ್ತದೆ. ಏಸು ಎದ್ದು ಬಂದದ್ದನ್ನು ಉಳಿದ ಶಿಷ್ಯರು ಕಂಡಿದ್ದರು, ತೋಮ ಕಂಡಿರಲಿಲ್ಲ. ಗಾಯ ಮುಟ್ಟಿ ನೋಡದ ಹೊರತು ನಂಬುವುದಿಲ್ಲ ಎಂದ. ಅದಾಗಿ ಎಂಟು ದಿನದ ಮೇಲೆ ಏಸು ಮತ್ತೆ ಬಂದಾಗ ತೋಮ ಅದೇ ಮನೆಯಲ್ಲಿ, ಅವರ ಜೊತೆಯಲ್ಲೇ ಇದ್ದಾನೆ. ಆ ಎಂಟು ದಿನ ಹೇಗಿತ್ತೆಂದು ಯೋಹಾನ ಹೇಳುವುದಿಲ್ಲ. ಒಂದು ವಿಷಯವಂತೂ ಖಚಿತ. ನಂಬದವನು ಹೊರಟುಹೋಗಿಲ್ಲ, ನಂಬಿದವರು ಅವನನ್ನು ಹೊರಗೆ ಹಾಕಿಲ್ಲ. ಬಂದ ಏಸು ಕೂಡ ಮೊದಲು ಮಾಡಿದ್ದು ಗಾಯ ತೋರಿಸಿದ್ದು, ಬುದ್ಧಿ ಹೇಳಿದ್ದು ಆಮೇಲೆ. ಇದೇ ತೋಮ ಮುಂದೆ ನಮ್ಮ ದೇಶಕ್ಕೆ ಬಂದನೆಂದು ಕೇರಳದ ಹಳೆಯ ಕ್ರೈಸ್ತ ಕುಟುಂಬಗಳು ನಂಬಿವೆ. ಚೆನ್ನೈನ ಸೇಂಟ್ ಥಾಮಸ್ ಮೌಂಟ್ ಅವನ ಹೆಸರಿನದೇ.

ಹಾಗಂತ ಸಂಶಯವೇ ದೊಡ್ಡ ಗುಣ ಎಂದು ನಾನು ಹೇಳಹೊರಟಿಲ್ಲ. ‘ನಾನು ಯಾವುದನ್ನೂ ನಂಬಲ್ಲ’ ಎಂದು ಕ್ಯಾಂಟೀನಿನಲ್ಲಿ ಬೀಗುವ ಗೆಳೆಯರು ನನಗೂ ಇದ್ದಾರೆ. ಅದರಲ್ಲಿ ಖರ್ಚೇನೂ ಇಲ್ಲ. ಲೂಯಿಸರ ಸಂಶಯಕ್ಕೆ ಖರ್ಚಿತ್ತು. ಅವರು ಕೊನೆಯವರೆಗೂ ಪ್ರಾರ್ಥಿಸುವುದನ್ನು ಬಿಡಲಿಲ್ಲ, ಸುಳ್ಳು ಸಮಾಧಾನವನ್ನೂ ಒಪ್ಪಲಿಲ್ಲ. ಪುಸ್ತಕದ ಕೊನೆಯ ಭಾಗದಲ್ಲಿ ಸಿಟ್ಟು ಇಳಿಯುತ್ತದೆ, ಆದರೆ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಿಂದಲ್ಲ. ತಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ದೇವರ ಚಿತ್ರ ಒಡೆಯಬೇಕಿತ್ತು, ಒಡೆದದ್ದು ದೇವರೇ ಇರಬಹುದು ಎಂಬಲ್ಲಿಗೆ ಅವರು ಬರುತ್ತಾರೆ. ಮನೆಯಲ್ಲಿ ಸಿಕ್ಕ ಖಾಲಿ ನೋಟ್‌ಬುಕ್ಕುಗಳು ನಾಲ್ಕು. ನಾಲ್ಕನೆಯದು ಮುಗಿದರೆ ಬರವಣಿಗೆಯೂ ಮುಗಿಯಿತು, ಇದಕ್ಕೆಂದೇ ಹೊಸದನ್ನು ಕೊಳ್ಳುವುದಿಲ್ಲ ಎಂದು ನಿಶ್ಚಯಿಸಿದರು. ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದ ಪುಸ್ತಕ. ಇಂಗ್ಲಿಷ್ ಕೂಡ ಕಷ್ಟದ್ದಲ್ಲ.

ಹೋದ ದಸರಾ ರಜೆಯಲ್ಲಿ ಊರಿಗೆ ಹೋದಾಗ ಆ ಪುಸ್ತಕದ ಕೆಲವು ಪುಟಗಳನ್ನು ಕನ್ನಡಕ್ಕೆ ಮಾಡಿಕೊಳ್ಳುತ್ತ ಕಾಕುಗೆ ಓದಿ ಹೇಳಿದೆ. ಅವರು ಅವರೇಕಾಯಿ ಸುಲಿಯುತ್ತ ಕೇಳಿದರು. ದೇವರ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊನೆಗೆ, “ಮುಂದ ಆ ಹುಡುಗರನ್ನ ಯಾರು ನೋಡಿಕೊಂಡ್ರು?” ಎಂದು ಕೇಳಿದರು. ಅವರಿಗೂ ಇಬ್ಬರು ಮಕ್ಕಳು.

ನಾನು ಹೇಳಿದೆ. ಲೂಯಿಸರೇ ನೋಡಿಕೊಂಡರು, 1963ರ ನವೆಂಬರಿನಲ್ಲಿ ತೀರಿಹೋಗುವ ತನಕ. ದೊಡ್ಡ ಹುಡುಗ ತಾಯಿಯ ಮನೆತನದ ಯಹೂದಿ ಧರ್ಮದ ಕಡೆಗೆ ಹೊರಳಿದ. ಲೂಯಿಸ್ ತಡೆಯಲಿಲ್ಲ. ಅವನು ಯಹೂದಿ ಪದ್ಧತಿಯಂತೆ ಉಣ್ಣಲು ಬೇಕಾದ ಆಹಾರವನ್ನು ಹುಡುಕಿ ತರಿಸಿಕೊಟ್ಟರು.

“ಅದು ಚಲೋ ಮಾಡಿದ್ರು” ಎಂದರು ಕಾಕು.